ತಜ್ಞರ ಉತ್ತರ: ಮಗಳು ಡಿಫೆನ್ಸ್ ಆಡುತ್ತಾಳೆ, ಏಂಜೆಲಾ ರುಗ್ಗಿಯೆರೊ ಬಗ್ಗೆ ಅವಳಿಗೆ ಏನು ಹೇಳಲಿ?

ಪ್ರಶ್ನೆ: ನಾವು ಕೆನಡಾದ ಮಿಸಿಸಾಗಾದಲ್ಲಿದ್ದೇವೆ. ಮಗಳಿಗೆ 12 ವರ್ಷ. ಹುಡುಗಿಯರ ಐಸ್ ಹಾಕಿ ತಂಡದಲ್ಲಿ ಡಿಫೆನ್ಸ್ ಆಡುತ್ತಾಳೆ. ಈ ಸೀಸನ್‌ನಲ್ಲಿ ಒಂದೂ ಗೋಲು ಹೊಡೆದಿಲ್ಲ ಅಂತ ತುಂಬಾ ಬೇಜಾರಾಗಿದ್ದಾಳೆ. ಫಾರ್ವರ್ಡ್ ಜಾಗಕ್ಕೆ ಹಾಕಿ ಅಂತ ಕೋಚ್‌ಗೆ ಕೇಳಿದೆವು. 'ಮೊದಲು ಏಂಜೆಲಾ ರುಗ್ಗಿಯೆರೊ ಯಾರು ಅಂತ ತಿಳಿದುಕೊಳ್ಳಲಿ' ಅಂದರು. ಊರಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡಿದವರಲ್ಲ ನಾವು. ಇವರು ಯಾರು? ಏನು ಮಾಡಿದ್ದಾರೆ? ಮಗಳ ಜಾಗ ಬದಲಾಯಿಸಬೇಕಾ, ಬೇಡವಾ?

ಉತ್ತರ: ನಿಮ್ಮ ಕೋಚ್ ಸರಿಯಾದ ಹೆಸರನ್ನೇ ಹೇಳಿದ್ದಾರೆ. ಏಂಜೆಲಾ ರುಗ್ಗಿಯೆರೊ ಅಮೆರಿಕದ ಮಹಿಳಾ ಐಸ್ ಹಾಕಿ ತಂಡದ ಡಿಫೆಂಡರ್, ಅಂದರೆ ಎದುರಾಳಿಯ ದಾಳಿ ತಡೆಯುವ ಆಟಗಾರ್ತಿ ಆಗಿದ್ದವರು. ನಾಲ್ಕು ಒಲಿಂಪಿಕ್ಸ್ ಆಡಿದರು, ನಾಲ್ಕರಲ್ಲೂ ಪದಕ ತಂದರು. 1998ರಲ್ಲಿ ಚಿನ್ನ, 2002ರಲ್ಲಿ ಬೆಳ್ಳಿ, 2006ರಲ್ಲಿ ಕಂಚು, 2010ರಲ್ಲಿ ಮತ್ತೆ ಬೆಳ್ಳಿ. ವಿಶ್ವ ಚಾಂಪಿಯನ್‌ಷಿಪ್ ಹತ್ತು ಸಲ ಆಡಿದರು. ಅದರಲ್ಲಿ ನಾಲ್ಕು ಚಿನ್ನ, ಆರು ಬೆಳ್ಳಿ. ದೊಡ್ಡ ಟೂರ್ನಿಗೆ ಹೋಗಿ ಬರಿಗೈಲಿ ಬಂದದ್ದೇ ಇಲ್ಲ. 2011ರ ಡಿಸೆಂಬರ್‌ನಲ್ಲಿ ಆಟ ಬಿಟ್ಟಾಗ ದೇಶಕ್ಕಾಗಿ 256 ಪಂದ್ಯ ಆಡಿದ್ದರು. ಅಷ್ಟು ಪಂದ್ಯ ಅಮೆರಿಕಕ್ಕಾಗಿ ಅಲ್ಲಿಯವರೆಗೆ ಬೇರೆ ಯಾರೂ ಆಡಿರಲಿಲ್ಲ, ಗಂಡಸರೂ ಸೇರಿ.

ಆದರೆ ನಿಮ್ಮ ಮಗಳಿಗೆ ಮೊದಲು ತೋರಿಸಬೇಕಾದ ಲೆಕ್ಕ ಬೇರೆ ಇದೆ. ಆ 256 ಪಂದ್ಯಗಳಲ್ಲಿ ರುಗ್ಗಿಯೆರೊ ಹೊಡೆದದ್ದು 67 ಗೋಲು. ಕೊಟ್ಟದ್ದು 141 ಅಸಿಸ್ಟ್. ಐಸ್ ಹಾಕಿಯಲ್ಲಿ ಗೋಲಿಗೆ ಮುಂಚೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕೊಟ್ಟ ಇಬ್ಬರವರೆಗೂ ಅಸಿಸ್ಟ್ ಬರೆಯುತ್ತಾರೆ. ಗೋಲಿಗೆ ಒಂದು ಪಾಯಿಂಟ್, ಅಸಿಸ್ಟ್‌ಗೂ ಒಂದೇ ಪಾಯಿಂಟ್. ಅಂದರೆ ಜಗತ್ತಿನ ಅತ್ಯುತ್ತಮ ಡಿಫೆಂಡರ್ ಅನ್ನಿಸಿಕೊಂಡವರು ನಾಲ್ಕು ಪಂದ್ಯಕ್ಕೆ ಒಂದರಂತೆ ಗೋಲು ಹೊಡೆದರು. ತಾವು ಹೊಡೆದ ಒಂದೊಂದು ಗೋಲಿಗೆ ಬೇರೆಯವರಿಂದ ಎರಡೆರಡು ಹೊಡೆಸಿದರು. ಅದೂ ಅವರು ಒಳ್ಳೆಯ ಹೊಡೆತ ಇದ್ದ, ಮುಂದೆ ನುಗ್ಗಿ ಆಡುತ್ತಿದ್ದ ಡಿಫೆಂಡರ್. ಇನ್ನು ಅವರು ತಡೆದ ಗೋಲುಗಳನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಬರೆಯುವುದಕ್ಕೆ ಅಲ್ಲಿ ಕಾಲಂ ಕೂಡ ಇಲ್ಲ. ಡಿಫೆನ್ಸ್ ಆಡುವ ಮಕ್ಕಳ ಬೇಜಾರು ಶುರುವಾಗುವುದೇ ಇಲ್ಲಿಂದ.

ನೀವು ಗ್ಯಾಲರಿಯಲ್ಲಿ ಕೂತು ಪಕ್ ಹಿಂದೆಯೇ ಕಣ್ಣು ಓಡಿಸುತ್ತೀರಿ, ಅಲ್ವಾ? ಎಲ್ಲರೂ ಹಾಗೇ ನೋಡುವುದು. ಡಿಫೆಂಡರ್ ಕೆಲಸ ಕಾಣಬೇಕಾದರೆ ಒಂದು ಗಳಿಗೆ ಪಕ್ ಬಿಟ್ಟು ಮಗಳನ್ನು ಮಾತ್ರ ನೋಡಿ. ಎದುರಾಳಿ ತಂಡದ ಹುಡುಗಿ ಪಕ್ ಹಿಡಿದು ಜೋರಾಗಿ ಬರುತ್ತಿದ್ದಾಳೆ ಅಂದುಕೊಳ್ಳಿ. ನಿಮ್ಮ ಮಗಳು ಅವಳಿಗೆ ಮುಖ ಕೊಟ್ಟುಕೊಂಡೇ ಹಿಂದಕ್ಕೆ ಸ್ಕೇಟ್ ಮಾಡಬೇಕು. ಬರುವವಳ ವೇಗಕ್ಕೆ ಸರಿಯಾಗಿ, ನಡುವೆ ಸುಮಾರು ಒಂದು ಸ್ಟಿಕ್ ಉದ್ದದ ಅಂತರ ಇಟ್ಟುಕೊಂಡು. ಅಂತರ ಜಾಸ್ತಿಯಾದರೆ ಅವಳು ಅಲ್ಲಿಂದಲೇ ಹೊಡೆಯುತ್ತಾಳೆ. ಕಮ್ಮಿಯಾದರೆ ಪಕ್ಕದಿಂದ ನುಸುಳಿ ಹೋಗುತ್ತಾಳೆ. ಕಣ್ಣು ಪಕ್ ಮೇಲೆ ಇರಬಾರದು, ಎದುರಿನವಳ ಎದೆಯ ಮೇಲಿರಬೇಕು. ಪಕ್ ಮೋಸ ಮಾಡುತ್ತದೆ, ತಲೆ ಮೋಸ ಮಾಡುತ್ತದೆ. ಎದೆ ಹೋದ ಕಡೆಗೇ ಆಕೆ ಹೋಗಬೇಕು. ಸ್ಟಿಕ್ ಒಂದು ಕೈಯಲ್ಲಿ, ಅದರ ಬ್ಲೇಡ್ ಐಸ್‌ಗೆ ತಾಗಿಕೊಂಡು, ನಡುವಿನ ದಾರಿಗೆ ಅಡ್ಡ. ಬೋರ್ಡ್ಸ್ (ರಿಂಕ್ ಸುತ್ತಲಿನ ಗೋಡೆ) ಕಡೆಯ ದಾರಿಯನ್ನು ಬೇಕಂತಲೇ ತೆರೆದು ಬಿಡಬೇಕು. ಕಬಡ್ಡಿಯಲ್ಲಿ ರೈಡರ್‌ನನ್ನು ನಡುವಿನಿಂದ ಅಂಚಿಗೆ ಒತ್ತಿಕೊಂಡು ಹೋಗುತ್ತಾರಲ್ಲ, ಲೆಕ್ಕಾಚಾರ ಅದೇ. ಅಂಚಿಗೆ ಹೋದವಳಿಗೆ ಗೋಲು ಕಾಣುವುದೇ ಕಿರಿದಾಗಿ. ಅಲ್ಲಿಂದ ಹೊಡೆದರೂ ಗೋಲ್‌ಕೀಪರ್‌ಗೆ ಸುಲಭ.

ಇದೆಲ್ಲ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿದು ಹೋಗುತ್ತದೆ. ಚೆನ್ನಾಗಿ ಮಾಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಚಪ್ಪಾಳೆ ಬೀಳುವುದಿಲ್ಲ.

ಮಹಿಳೆಯರ ಆಟದಲ್ಲಿ ಈ ಕೆಲಸ ಇನ್ನೂ ಕಷ್ಟ. 1990ರಲ್ಲಿ ಒಟ್ಟಾವಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಾಡಿ ಚೆಕ್, ಅಂದರೆ ಮೈಯಿಂದ ಗುದ್ದಿ ಪಕ್ ಬಿಡಿಸುವುದು, ನಡೆಯುತ್ತಿತ್ತು. ಆಮೇಲೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅದನ್ನು ನಿಲ್ಲಿಸಿದರು. ಒಂಟಾರಿಯೊದ ಹುಡುಗಿಯರ ಹಾಕಿಯಲ್ಲೂ ಬಾಡಿ ಚೆಕ್‌ಗೆ ಅವಕಾಶ ಇಲ್ಲ. ಹಾಗಾಗಿ ಗಂಡಸರ ಪಂದ್ಯದಲ್ಲಿ ಡಿಫೆಂಡರ್ ಡಿಕ್ಕಿ ಹೊಡೆದು ಮುಗಿಸುವುದನ್ನು ಇಲ್ಲಿ ಕಾಲು, ಕೋನ ಮತ್ತು ಸ್ಟಿಕ್‌ನಿಂದಲೇ ಮುಗಿಸಬೇಕು. ರುಗ್ಗಿಯೆರೊ ಎತ್ತರದ, ಗಟ್ಟಿ ಮೈಕಟ್ಟಿನ ಆಟಗಾರ್ತಿ. ಗುದ್ದಬಾರದು ಅನ್ನುವ ನಿಯಮದೊಳಗೇ ಆ ಮೈಯನ್ನು ಎಲ್ಲಿ ನಿಲ್ಲಿಸಿದರೆ ಎದುರಿನವಳಿಗೆ ದಾರಿ ಇಲ್ಲದಂತಾಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ನನ್ನ ಪ್ರಕಾರ ಅವರ ಆಟದಲ್ಲಿ ಕಲಿಯಬೇಕಾದ ಮೊದಲ ವಿಷಯ ಇದೇ. ಅವರ ಹೊಡೆತದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಿಲ್ಲುವ ಜಾಗದ ಬಗ್ಗೆ ಮಾತಾಡುವವರು ಕಮ್ಮಿ.

ಇನ್ನು ಅವರ ಕಥೆಗೆ ಬರುತ್ತೇನೆ. ಹುಟ್ಟಿದ್ದು 1980ರ ಜನವರಿ 3ರಂದು, ಬೆಳೆದದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಹಿಮ ಬೀಳದ ಊರು. ಏಳನೇ ವಯಸ್ಸಿನಲ್ಲಿ ತಮ್ಮ ಮತ್ತು ಅಕ್ಕನ ಜೊತೆ ಐಸ್ ಹಾಕಿ ಶುರು ಮಾಡಿದರು. ಅದಾದ ಮುಂದಿನ ವರ್ಷ, 1988ರಲ್ಲಿ, ಐಸ್ ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿ ಲಾಸ್ ಏಂಜಲೀಸ್ ಕಿಂಗ್ಸ್ ತಂಡಕ್ಕೆ ಬಂದರು. ಆ ಬಿಸಿಲಿನ ಊರುಗಳಲ್ಲಿ ಹಾಕಿಯ ಗಾಳಿ ಬೀಸತೊಡಗಿದ್ದು ಆಗ. ಮುಂದೆ ರುಗ್ಗಿಯೆರೊ ಕನೆಕ್ಟಿಕಟ್‌ನ ಚೋಟ್ ರೋಸ್ಮರಿ ಹಾಲ್ ಶಾಲೆ ಸೇರಿದರು. ಅಲ್ಲಿ ಓದುತ್ತಿರುವಾಗಲೇ ಅಮೆರಿಕದ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದರು.

1998ರ ಫೆಬ್ರವರಿ, ಜಪಾನಿನ ನಾಗಾನೊ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಐಸ್ ಹಾಕಿ ಮೊದಲ ಸಲ ಸೇರಿತ್ತು. ಬರೀ ಆರು ತಂಡ. ಕೆನಡಾ ಗೆಲ್ಲುತ್ತದೆ ಅಂತಲೇ ಬಹಳ ಜನ ಅಂದುಕೊಂಡಿದ್ದರು. ಅದು ತಪ್ಪೂ ಅಲ್ಲ, ಆವರೆಗಿನ ನಾಲ್ಕೂ ವಿಶ್ವ ಚಾಂಪಿಯನ್‌ಷಿಪ್ ಗೆದ್ದದ್ದು ಕೆನಡಾವೇ. ಅಮೆರಿಕ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರು ರುಗ್ಗಿಯೆರೊ. ಹದಿನೆಂಟು ತುಂಬಿ ಒಂದು ತಿಂಗಳು ಕಳೆದಿತ್ತು ಅಷ್ಟೆ. ಗುಂಪಿನ ಹಂತದಲ್ಲಿ ಕೆನಡಾ ವಿರುದ್ಧ 1-4ರಲ್ಲಿ ಹಿಂದಿದ್ದ ಅಮೆರಿಕ ಒಂದರ ಹಿಂದೆ ಒಂದು ಆರು ಗೋಲು ಹೊಡೆದು 7-4ರಲ್ಲಿ ಗೆದ್ದಿತು. ಮೂರು ದಿನ ಬಿಟ್ಟು, ಫೆಬ್ರವರಿ 17ರಂದು ಫೈನಲ್. ಅಲ್ಲಿ ಅಮೆರಿಕ 3-1ರಿಂದ ಗೆದ್ದಿತು. ಕೆನಡಾದಂಥ ತಂಡಕ್ಕೆ ಫೈನಲ್‌ನಲ್ಲಿ ಒಂದೇ ಗೋಲು ಬಿಟ್ಟುಕೊಟ್ಟದ್ದು ಡಿಫೆನ್ಸ್‌ನ ಗೆಲುವೂ ಹೌದು. ಆ ಚಿನ್ನ ನೋಡಿ ಅಮೆರಿಕದಲ್ಲಿ ಎಷ್ಟೋ ಹುಡುಗಿಯರು ಸ್ಕೇಟ್ ಕಟ್ಟಿಕೊಂಡರು.

ಆಮೇಲೆ ಹಾರ್ವರ್ಡ್ ವಿಶ್ವವಿದ್ಯಾಲಯ. ಸೇರಿದ ಮೊದಲ ವರ್ಷವೇ, 1999ರಲ್ಲಿ, ಹಾರ್ವರ್ಡ್ ರಾಷ್ಟ್ರೀಯ ಚಾಂಪಿಯನ್ ಆಯಿತು. 2004ರಲ್ಲಿ ರುಗ್ಗಿಯೆರೊ ಅವರಿಗೆ ಪ್ಯಾಟಿ ಕ್ಯಾಜ್‌ಮೇಯರ್ ಪ್ರಶಸ್ತಿ ಬಂತು. ಕಾಲೇಜು ಮಹಿಳಾ ಹಾಕಿಯಲ್ಲಿ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಪ್ರಶಸ್ತಿ ಅದು. ಹೆಚ್ಚಾಗಿ ಹೋಗುವುದು ಫಾರ್ವರ್ಡ್‌ಗಳಿಗೆ.

ಈಗ 2002. ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್. ಈ ಪಂದ್ಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನೀವಿರುವ ಊರಿಗೂ ಇದಕ್ಕೂ ನಂಟಿದೆ. ಒಲಿಂಪಿಕ್ಸ್‌ಗೆ ಮುಂಚಿನ ತಿಂಗಳುಗಳಲ್ಲಿ ಅಮೆರಿಕವು ಕೆನಡಾವನ್ನು ಸತತ ಎಂಟು ಸಲ ಸೋಲಿಸಿತ್ತು. ಫೈನಲ್ ಅಮೆರಿಕದ ನೆಲದಲ್ಲೇ, ತಮ್ಮ ಜನರ ಮುಂದೆಯೇ. ಕೆನಡಾ ಮೇಲೆ ರೆಫ್ರಿ ಒಂದರ ಮೇಲೊಂದು ಎಂಟು ಪೆನಾಲ್ಟಿ ಹಾಕಿದರು. ಅಂದರೆ ಎಷ್ಟೋ ಹೊತ್ತು ಕೆನಡಾ ಒಬ್ಬರು ಕಡಿಮೆ ಇಟ್ಟುಕೊಂಡು ಆಡಿತು. ಆದರೂ ಗೆದ್ದದ್ದು ಕೆನಡಾ, 3-2ರಿಂದ. ಎರಡನೇ ಪೀರಿಯಡ್ ಮುಗಿಯಲು ಒಂದೇ ಸೆಕೆಂಡ್ ಇರುವಾಗ ಜೇನಾ ಹೆಫರ್ಡ್ ಹೊಡೆದ ಗೋಲು ಅಮೆರಿಕದ ಬೆನ್ನು ಮುರಿಯಿತು. ಇಂಥ ಗೋಲು ಬಿದ್ದಾಗ ಅದರ ಭಾರ ಬೀಳುವುದು ಡಿಫೆನ್ಸ್ ಮೇಲೆ, ಯಾರ ತಪ್ಪೇ ಇರಲಿ.

ಆ ಐಸ್ ಮೇಲೆ ಆವತ್ತು ಎರಡು ತಲೆಮಾರಿನ ಇಬ್ಬರು ದೊಡ್ಡ ಡಿಫೆಂಡರ್‌ಗಳಿದ್ದರು. ಅಮೆರಿಕದ ಕಡೆ 22ರ ರುಗ್ಗಿಯೆರೊ. ಕೆನಡಾದ ಕಡೆ 34ರ ಜೆರಾಲ್ಡಿನ್ ಹೀನಿ. ಹೀನಿ ಹುಟ್ಟಿದ್ದು ಉತ್ತರ ಐರ್ಲೆಂಡಿನ ಲರ್ಗನ್‌ನಲ್ಲಿ. ಚಿಕ್ಕವರಿದ್ದಾಗಲೇ ಮನೆಯವರು ಕೆನಡಾಕ್ಕೆ ಬಂದರು. ಬೆಳೆದದ್ದು ನಿಮ್ಮ ಪಕ್ಕದ ನಾರ್ತ್ ಯಾರ್ಕ್‌ನಲ್ಲಿ. ವಲಸೆ ಬಂದ ಮನೆಯ ಹುಡುಗಿ ಅಂತ ನಿಮ್ಮ ಮಗಳಿಗೆ ಹೇಳಿ. 1990ರ ಒಟ್ಟಾವಾ ಫೈನಲ್‌ನಲ್ಲಿ ಡಿಫೆನ್ಸ್‌ನಿಂದ ಎದುರಾಳಿಗಳ ನಡುವೆ ನುಗ್ಗಿ, ಗಾಳಿಯಲ್ಲಿ ಹಾರುತ್ತಾ ಹೀನಿ ಹೊಡೆದ ಗೋಲಿನ ವಿಡಿಯೊ ಇವತ್ತಿಗೂ ಜನ ನೋಡುತ್ತಾರೆ. ಏಳು ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಗೆದ್ದಿದ್ದ ಅವರಿಗೆ ಒಲಿಂಪಿಕ್ ಚಿನ್ನ ಮಾತ್ರ ಬಾಕಿ ಇತ್ತು. ಅದನ್ನೂ ಆವತ್ತು ಗೆದ್ದು ಆಟ ಮುಗಿಸಿದರು.

ಸೋತ ತಂಡದಲ್ಲಿದ್ದರೂ ಆ ಒಲಿಂಪಿಕ್ಸ್‌ನ ಶ್ರೇಷ್ಠ ಡಿಫೆಂಡರ್ ಅಂತ ಆಯ್ಕೆಯಾದದ್ದು ರುಗ್ಗಿಯೆರೊ. ನಾಲ್ಕು ವರ್ಷ ಬಿಟ್ಟು ಟುರಿನ್‌ನಲ್ಲೂ ಅದೇ ಗೌರವ ಸಿಕ್ಕಿತು. ಅಲ್ಲಂತೂ ಅಮೆರಿಕ ಫೈನಲ್‌ಗೇ ಹೋಗಲಿಲ್ಲ. ಸೆಮಿಫೈನಲ್‌ನಲ್ಲಿ 2-0 ಮುಂದಿದ್ದು ಸ್ವೀಡನ್‌ಗೆ ಶೂಟೌಟ್‌ನಲ್ಲಿ ಸೋತಿತು. ದೊಡ್ಡ ಟೂರ್ನಿಯ ಫೈನಲ್ ಅಂದರೆ ಕೆನಡಾ, ಅಮೆರಿಕ ಅಂತಲೇ ಇತ್ತು ಆವರೆಗೆ. ಸ್ವೀಡನ್ ಅದನ್ನು ಮುರಿಯಿತು. ಮಹಿಳಾ ಹಾಕಿಗೆ ಅದರಿಂದ ಒಳ್ಳೆಯದೇ ಆಯಿತು ಅಂತ ನಾನು ನಂಬಿದ್ದೇನೆ. ಸೋತವರಿಗೆ ಮಾತ್ರ ಕಂಚಿನ ಪಂದ್ಯಕ್ಕೆ ಎದ್ದು ನಿಲ್ಲುವುದು ಸುಲಭ ಇರಲಿಲ್ಲ. ನಿಂತರು. ಫಿನ್ಲೆಂಡನ್ನು 4-0ರಿಂದ ಸೋಲಿಸಿ ಪದಕ ತಂದರು.

ಈ ಎರಡು ಒಲಿಂಪಿಕ್ಸ್‌ಗಳ ನಡುವೆ, 2005ರಲ್ಲಿ, ಎರಡು ಮುಖ್ಯ ಘಟನೆ ನಡೆದವು.

ಒಂದು ಜನವರಿ 28ರಂದು, ಓಕ್ಲಹೋಮಾದ ಟಲ್ಸಾದಲ್ಲಿ. ಟಲ್ಸಾ ಆಯ್ಲರ್ಸ್ ಅನ್ನುವುದು ಸೆಂಟ್ರಲ್ ಹಾಕಿ ಲೀಗ್‌ನ ಗಂಡಸರ ವೃತ್ತಿಪರ ತಂಡ. ಅದಕ್ಕೆ ರುಗ್ಗಿಯೆರೊ ಅವರ ತಮ್ಮ ಬಿಲ್ ಗೋಲ್‌ಕೀಪರ್. ಆವತ್ತು ರಿಯೊ ಗ್ರಾಂಡೆ ವ್ಯಾಲಿ ಕಿಲ್ಲರ್ ಬೀಸ್ ವಿರುದ್ಧದ ಪಂದ್ಯದಲ್ಲಿ ಅಕ್ಕನೂ ಆಯ್ಲರ್ಸ್ ಜೆರ್ಸಿ ತೊಟ್ಟು ಇಳಿದರು. ಉತ್ತರ ಅಮೆರಿಕದಲ್ಲಿ ಗಂಡಸರ ವೃತ್ತಿಪರ ಪಂದ್ಯದಲ್ಲಿ ಗೋಲ್‌ಕೀಪರ್ ಬಿಟ್ಟು ಬೇರೆ ಜಾಗದಲ್ಲಿ ಆಡಿದ ಮೊದಲ ಮಹಿಳೆ ಅವರು. ಅದಕ್ಕೆ ಮುಂಚೆ ಗಂಡಸರ ತಂಡದಲ್ಲಿ ಕೆನಡಾದ ಮಾನೊ ರೆಯೋಮ್ ಆಡಿದ್ದು ಗೋಲ್‌ಕೀಪರ್ ಆಗಿ. ಕೆನಡಾದವರೇ ಆದ ಹೇಲಿ ವಿಕನ್‌ಹೈಸರ್ ಆಡಿದ್ದು ಫಿನ್ಲೆಂಡಿನಲ್ಲಿ. ಆ ಪಂದ್ಯದಲ್ಲಿ ಬಾಡಿ ಚೆಕ್ ಇತ್ತು, ಎದುರಿಗಿದ್ದವರು ದಪ್ಪ ಗಂಡಸರು. ರುಗ್ಗಿಯೆರೊ ಒಂದು ಅಸಿಸ್ಟ್ ಕೊಟ್ಟರು. ಟಲ್ಸಾ ಗೆದ್ದಿತು. ಸುಮ್ನೆ ಪ್ರಚಾರಕ್ಕೆ ಮಾಡಿದ್ದು ಅಂದವರಿಗೆ ಆ ಅಸಿಸ್ಟ್ ಸಾಕಿತ್ತು.

ಇನ್ನೊಂದು ಏಪ್ರಿಲ್ 9ರಂದು, ಸ್ವೀಡನ್ನಿನ ಲಿಂಷಾಪಿಂಗ್‌ನಲ್ಲಿ. ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಇಷ್ಟೊತ್ತಿಗೆ ಅಮೆರಿಕದ ಹತ್ತಿರ ಒಲಿಂಪಿಕ್ ಚಿನ್ನ ಇತ್ತು, ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಒಂದೂ ಇರಲಿಲ್ಲ. ಎಂಟಕ್ಕೆ ಎಂಟೂ ಕೆನಡಾ ಗೆದ್ದುಕೊಂಡಿತ್ತು. ಈ ಪಂದ್ಯ ಮೂರು ಪೀರಿಯಡ್ ಮುಗಿದರೂ 0-0. ಹೆಚ್ಚುವರಿ ಸಮಯದಲ್ಲೂ 0-0. ಸ್ಕೋರ್ ನೋಡಿದವರು ಏನೂ ನಡೆಯಲಿಲ್ಲ ಅಂದುಕೊಳ್ಳಬಹುದು. ಎರಡೂ ಕಡೆಯ ಡಿಫೆಂಡರ್‌ಗಳು ಮತ್ತು ಗೋಲ್‌ಕೀಪರ್‌ಗಳು ಒಂದು ತಪ್ಪನ್ನೂ ಮಾಡದೆ ಆಡಿದ ಪಂದ್ಯ ಅದು. ನಿಮ್ಮ ಮಗಳಿಗೆ ಒಂದೇ ಒಂದು ಹಳೆಯ ಪಂದ್ಯದ ಬಗ್ಗೆ ಹೇಳುವುದಾದರೆ ಇದನ್ನೇ ಹೇಳಿ. ಕೊನೆಗೆ ಶೂಟೌಟ್. ಒಬ್ಬರ ಎದುರು ಒಬ್ಬ ಗೋಲ್‌ಕೀಪರ್. ಇಂಥಲ್ಲಿ ಕೋಚ್‌ಗಳು ಸಾಮಾನ್ಯವಾಗಿ ಕಳಿಸುವುದು ಫಾರ್ವರ್ಡ್‌ಗಳನ್ನು. ಅಮೆರಿಕ ತನ್ನ ಡಿಫೆಂಡರ್ ರುಗ್ಗಿಯೆರೊ ಅವರನ್ನೂ ಕಳಿಸಿತು. ಅವರು ಗೋಲು ಹೊಡೆದರು. ನಟಾಲಿ ಡಾರ್ವಿಟ್ಸ್, ಕ್ರಿಸ್ಸಿ ವೆಂಡೆಲ್ ಕೂಡ ಹೊಡೆದರು. ಶೂಟೌಟ್ 3-1. ಅಮೆರಿಕಕ್ಕೆ ಮೊದಲ ವಿಶ್ವ ಚಾಂಪಿಯನ್‌ಷಿಪ್. ಮುಂದೆ 2008ರಲ್ಲಿ ಚೀನಾದ ಹರ್ಬಿನ್, 2009ರಲ್ಲಿ ಫಿನ್ಲೆಂಡಿನ ಹ್ಯಾಮೀನ್‌ಲಿನ್ನಾ, 2011ರಲ್ಲಿ ಜ್ಯೂರಿಕ್. ಮೂರೂ ಕಡೆ ಕೆನಡಾವನ್ನೇ ಸೋಲಿಸಿ ಚಿನ್ನ.

ಇಷ್ಟಕ್ಕೇ ನಿಲ್ಲಿಸಿದ್ದರೂ ರುಗ್ಗಿಯೆರೊ ದೊಡ್ಡವರೇ. ಆದರೆ ಅವರ ಹೆಸರನ್ನು ನಾನು ಬೇರೆ ಡಿಫೆಂಡರ್‌ಗಳಿಗಿಂತ ಒಂದು ಮೆಟ್ಟಿಲು ಮೇಲೆ ಇಡುವುದು 2010ರ ವ್ಯಾಂಕೂವರ್ ಕಾರಣಕ್ಕೆ. ಅಲ್ಲಿ ಅಮೆರಿಕ ಸೋತಿತು.

ಆ ಒಲಿಂಪಿಕ್ಸ್‌ನ ಸ್ಕೋರ್‌ಗಳನ್ನು ಒಂದು ಸಲ ನೋಡಿ. ಕೆನಡಾ 18, ಸ್ಲೊವಾಕಿಯಾ 0. ಅಮೆರಿಕ 13, ರಷ್ಯಾ 0. ಅಮೆರಿಕ 12, ಚೀನಾ 1. ಅದೇ ಸ್ಲೊವಾಕಿಯಾ ಅರ್ಹತಾ ಸುತ್ತಿನಲ್ಲಿ ಬಲ್ಗೇರಿಯಾವನ್ನು 82-0ರಲ್ಲಿ ಸೋಲಿಸಿ ಬಂದಿತ್ತು. ಎಂಬತ್ತೆರಡು, ಅಚ್ಚಿನ ತಪ್ಪಲ್ಲ. ಎರಡು ದೇಶ ಬಿಟ್ಟರೆ ಬೇರೆಯವರು ಲೆಕ್ಕಕ್ಕೇ ಇಲ್ಲದ ಆಟವನ್ನು ಒಲಿಂಪಿಕ್ಸ್‌ನಲ್ಲಿ ಯಾಕೆ ಇಟ್ಟುಕೊಳ್ಳಬೇಕು ಅನ್ನುವ ಮಾತು ಎದ್ದಿತು. ಆಗಿನ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಜಾಕ್ ರೋಗ್ ಕೂಡ ಸುಧಾರಣೆ ಆಗದಿದ್ದರೆ ಹೀಗೇ ಮುಂದುವರಿಯಲು ಆಗುವುದಿಲ್ಲ ಅಂತ ಎಚ್ಚರಿಸಿದರು. ಅದು ಹುಸಿ ಬೆದರಿಕೆ ಅಂತ ಯಾರಿಗೂ ಅನ್ನಿಸಲಿಲ್ಲ. ಮಹಿಳೆಯರ ಸಾಫ್ಟ್‌ಬಾಲ್ ಆಗಷ್ಟೇ 2008ರ ನಂತರ ಒಲಿಂಪಿಕ್ಸ್‌ನಿಂದ ಹೊರಬಿದ್ದಿತ್ತು.

ಫೆಬ್ರವರಿ 25ರಂದು ಫೈನಲ್. ಹದಿನೆಂಟರ ಮಾರಿ-ಫಿಲಿಪ್ ಪೂಲಾ ಮೊದಲ ಪೀರಿಯಡ್‌ನಲ್ಲೇ ಎರಡು ಗೋಲು ಹೊಡೆದರು. ಕೆನಡಾ 2-0. ಪೆನಾಲ್ಟಿಗಳಿಂದಾಗಿ ಕೆನಡಾದ ಮೂವರ ಎದುರು ಐವರು ಆಡುವ ಅವಕಾಶವೂ ಅಮೆರಿಕಕ್ಕೆ ಸಿಕ್ಕಿತ್ತು, ಗೋಲು ಬರಲಿಲ್ಲ. ರುಗ್ಗಿಯೆರೊ ಅವರ ಕೊನೆಯ ಒಲಿಂಪಿಕ್ ಪಂದ್ಯ ಅದು.

ಅದೇ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳೆಲ್ಲ ಮತ ಹಾಕಿ ತಮ್ಮ ಪ್ರತಿನಿಧಿಗಳಾಗಿ ಇಬ್ಬರನ್ನು ಒಲಿಂಪಿಕ್ ಸಮಿತಿಗೆ ಆರಿಸಿದರು. ಅವರಲ್ಲಿ ಒಬ್ಬರು ರುಗ್ಗಿಯೆರೊ. ಎಂಟು ವರ್ಷದ ಅವಧಿ. ಮಹಿಳಾ ಹಾಕಿಯನ್ನು ಇಟ್ಟುಕೊಳ್ಳೋಣವೋ ಬೇಡವೋ ಅನ್ನುವ ಪ್ರಶ್ನೆ ಎದ್ದ ಹೊತ್ತಿಗೆ, ಆ ಆಟ ಆಡಿ ಬಂದವರೊಬ್ಬರು ಸಮಿತಿಯೊಳಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಟ ಉಳಿದದ್ದು ಅವರೊಬ್ಬರಿಂದ ಅಂತ ನಾನು ಹೇಳುವುದಿಲ್ಲ. ಅಂತರರಾಷ್ಟ್ರೀಯ ಐಸ್ ಹಾಕಿ ಫೆಡರೇಶನ್ ಕೂಡ ಎಚ್ಚೆತ್ತುಕೊಂಡಿತು. 2014ರ ಸೋಚಿಯಲ್ಲಿ ಬಲಿಷ್ಠ ನಾಲ್ಕು ತಂಡಗಳನ್ನು ಒಂದು ಗುಂಪಿಗೆ, ಉಳಿದ ನಾಲ್ಕನ್ನು ಇನ್ನೊಂದಕ್ಕೆ ಹಾಕಿದರು. ಹದಿನೆಂಟು-ಸೊನ್ನೆಯಂಥ ಪಂದ್ಯಗಳು ನಿಂತವು. 2022ರ ಬೀಜಿಂಗ್‌ಗೆ ತಂಡಗಳ ಸಂಖ್ಯೆ ಎಂಟರಿಂದ ಹತ್ತಾಯಿತು. ತೆಗೆದು ಹಾಕುವ ಮಾತು ಎದ್ದಿದ್ದ ಆಟ ಬೆಳೆಯಿತು.

ಸಮಿತಿಯಲ್ಲಿ ರುಗ್ಗಿಯೆರೊ ಸುಮ್ನೆ ಕೂರಲಿಲ್ಲ. 2016ರ ಲಿಲಿಹ್ಯಾಮರ್ ಯುವ ಒಲಿಂಪಿಕ್ಸ್‌ನ ಸಮನ್ವಯ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. 2016ರಿಂದ 2018ರವರೆಗೆ ಕ್ರೀಡಾಪಟುಗಳ ಆಯೋಗಕ್ಕೇ ಅಧ್ಯಕ್ಷರು. ಅವರ ನಂತರ ಆ ಜಾಗಕ್ಕೆ ಬಂದ ಕರ್ಸ್ಟಿ ಕವೆಂಟ್ರಿ 2025ರಲ್ಲಿ ಇಡೀ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾದರು. 2028ರ ಒಲಿಂಪಿಕ್ಸ್ ಅನ್ನು ಲಾಸ್ ಏಂಜಲೀಸ್‌ಗೆ ತರುವ ಕೆಲಸದಲ್ಲೂ ರುಗ್ಗಿಯೆರೊ ಇದ್ದರು. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಉತ್ತರ ಕೊರಿಯಾ, ದಕ್ಷಿಣ ಕೊರಿಯಾದ ಹುಡುಗಿಯರು ಒಂದೇ ಹಾಕಿ ತಂಡವಾಗಿ ಆಡಿದರು, ನೆನಪಿರಬಹುದು. ಐದಕ್ಕೆ ಐದೂ ಪಂದ್ಯ ಸೋತ ತಂಡ ಅದು. ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಕೊಡಬೇಕು ಅಂತ ಹೇಳಿದವರು ರುಗ್ಗಿಯೆರೊ. ಸ್ಕೋರ್ ಬೋರ್ಡ್‌ನಲ್ಲಿ ಕಾಣದ ಕೆಲಸಕ್ಕೂ ಬೆಲೆ ಇದೆ ಅಂತ ಡಿಫೆಂಡರ್‌ಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹಣದ ವಿಷಯವನ್ನೂ ಮಗಳಿಗೆ ಈಗಲೇ ಹೇಳಿಡಿ. ರುಗ್ಗಿಯೆರೊ 2010-11ರಲ್ಲಿ ಕೆನಡಿಯನ್ ವುಮೆನ್ಸ್ ಹಾಕಿ ಲೀಗ್‌ನ ಬಾಸ್ಟನ್ ಬ್ಲೇಡ್ಸ್‌ಗೆ ಆಡಿದಾಗ ಆ ಲೀಗ್‌ನಲ್ಲಿ ಆಟಗಾರ್ತಿಯರಿಗೆ ಸಂಬಳ ಇರಲಿಲ್ಲ. ಒಲಿಂಪಿಕ್ ಪದಕ ಇದ್ದವರಿಗೂ ಇರಲಿಲ್ಲ. 2019ರಲ್ಲಿ ಆ ಲೀಗ್ ಮುಚ್ಚಿಯೇ ಹೋಯಿತು. ಈಗಿನ ಪ್ರೊಫೆಶನಲ್ ವುಮೆನ್ಸ್ ಹಾಕಿ ಲೀಗ್ 2024ರ ಜನವರಿ 1ರಂದು ಟೊರೊಂಟೊದಲ್ಲೇ ಮೊದಲ ಪಂದ್ಯ ಆಡಿತು. ಇಲ್ಲಿ ಸಂಬಳ ಉಂಟು. ರುಗ್ಗಿಯೆರೊ ಆಟ ಬಿಟ್ಟ ಮೇಲೆ ಹಾರ್ವರ್ಡ್‌ನಲ್ಲೇ ಎಂಬಿಎ ಮಾಡಿ, ಸ್ಪೋರ್ಟ್ಸ್ ಇನ್ನೋವೇಶನ್ ಲ್ಯಾಬ್ ಎಂಬ ಸಂಶೋಧನಾ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು. ಮಹಿಳಾ ಕ್ರೀಡೆಗೆ ನೋಡುಗರಿದ್ದಾರೆ, ಅವರು ದುಡ್ಡನ್ನೂ ಖರ್ಚು ಮಾಡುತ್ತಾರೆ ಅಂತ ಅಂಕಿಅಂಶ ಇಟ್ಟು ತೋರಿಸುವುದು ಆ ಕಂಪನಿಯ ಕೆಲಸಗಳಲ್ಲಿ ಒಂದು.

ಇನ್ನು ಹಾಕಿ ಹಾಲ್ ಆಫ್ ಫೇಮ್, ಅಂದರೆ ಹಾಕಿಯ ಶ್ರೇಷ್ಠರನ್ನು ಗೌರವಿಸುವ ಮ್ಯೂಸಿಯಂ. ನಿಮ್ಮಿಂದ ದೂರ ಇಲ್ಲ, ಟೊರೊಂಟೊ ಡೌನ್‌ಟೌನ್‌ನಲ್ಲಿ ಫ್ರಂಟ್ ಸ್ಟ್ರೀಟ್ ಮತ್ತು ಯಂಗ್ ಸ್ಟ್ರೀಟ್ ಸೇರುವ ಮೂಲೆ. ಅರ್ಧ ದಿನ ಇಟ್ಟುಕೊಂಡು ಮಗಳನ್ನು ಕರೆದುಕೊಂಡು ಹೋಗಿ. ಅಲ್ಲಿಗೆ ಆಯ್ಕೆಯಾದ ಮೊದಲ ಇಬ್ಬರು ಮಹಿಳೆಯರು 2010ರಲ್ಲಿ, ಕ್ಯಾಮಿ ಗ್ರನಾಟೊ ಮತ್ತು ಏಂಜೆಲಾ ಜೇಮ್ಸ್. ಇಬ್ಬರೂ ಫಾರ್ವರ್ಡ್‌ಗಳು. ಮೂರನೆಯವರು 2013ರಲ್ಲಿ ಜೆರಾಲ್ಡಿನ್ ಹೀನಿ. ನಾಲ್ಕನೆಯವರು 2015ರಲ್ಲಿ ರುಗ್ಗಿಯೆರೊ. ಮೊದಲ ನಾಲ್ವರಲ್ಲಿ ಇಬ್ಬರು ಡಿಫೆಂಡರ್‌ಗಳು! ಆ 2015ನೇ ವರ್ಷ ಆಟಗಾರರಾಗಿ ಆಯ್ಕೆಯಾದವರು ಐವರು. ನಿಕ್ಲಾಸ್ ಲಿಡ್‌ಸ್ಟ್ರೋಮ್, ಕ್ರಿಸ್ ಪ್ರೋಂಗರ್, ಫಿಲ್ ಹೌಸ್ಲಿ, ಸೆರ್ಗೆಯ್ ಫೆಡೊರೊವ್ ಮತ್ತು ರುಗ್ಗಿಯೆರೊ. ಫೆಡೊರೊವ್ ಒಬ್ಬರನ್ನು ಬಿಟ್ಟರೆ ಉಳಿದ ನಾಲ್ವರೂ ಡಿಫೆಂಡರ್‌ಗಳು. ಗೋಡೆಯ ಮೇಲೆ ಆ ಹೆಸರುಗಳನ್ನು ಮಗಳೇ ಹುಡುಕಲಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ಜಾಗ ಬದಲಾಯಿಸಬೇಕಾ? 12 ವರ್ಷಕ್ಕೆ ಒಂದೇ ಜಾಗಕ್ಕೆ ಕಟ್ಟಿಹಾಕುವುದು ಸರಿ ಅಲ್ಲ. ಅಭ್ಯಾಸದಲ್ಲಿ ಫಾರ್ವರ್ಡ್ ಆಗಿಯೂ ಆಡಲಿ, ಅದರಿಂದ ಡಿಫೆನ್ಸ್ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅವಳಿಗೆ ನಿಜವಾಗಿ ಫಾರ್ವರ್ಡ್ ಆಟವೇ ಖುಷಿ ಅಂದರೆ ಬಿಟ್ಟುಬಿಡಿ, ಆಡಲಿ. ಆದರೆ ಗೋಲು ಬರುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಬದಲಾಯಿಸಬೇಡಿ. ಹಿಂದಕ್ಕೆ ಚೆನ್ನಾಗಿ ಸ್ಕೇಟ್ ಮಾಡುವ, ಗಾಬರಿಯಾಗದೆ ಪಾಸ್ ಕೊಡುವ ಹುಡುಗಿಯರು ಸುಲಭಕ್ಕೆ ಸಿಗುವುದಿಲ್ಲ. ಕೋಚ್ ಅವಳನ್ನು ಅಲ್ಲೇ ಇಟ್ಟಿದ್ದಾರೆ ಅಂದರೆ ಏನೋ ಕಂಡಿರಬೇಕು.

ನೀವು ಎಣಿಸುವುದನ್ನು ಬದಲಾಯಿಸಿ. ಮುಂದಿನ ಪಂದ್ಯಕ್ಕೆ ಚಿಕ್ಕ ನೋಟ್‌ಬುಕ್ ಒಯ್ಯಿರಿ. ತನ್ನ ಗೋಲಿನ ಹತ್ತಿರ ಪಕ್ ಸಿಕ್ಕಾಗ ಎಷ್ಟು ಸಲ ಅದನ್ನು ತನ್ನ ತಂಡದವಳ ಸ್ಟಿಕ್‌ಗೇ ಮುಟ್ಟಿಸಿದಳು ಅಂತ ಗೆರೆ ಹಾಕಿ. ಎದುರಾಳಿಯನ್ನು ಎಷ್ಟು ಸಲ ಬೋರ್ಡ್ಸ್ ಕಡೆ ಕಳಿಸಿದಳು ಅಂತ ಇನ್ನೊಂದು ಗೆರೆ. ಅವಳು ಐಸ್ ಮೇಲೆ ಇದ್ದಾಗ ಎರಡೂ ತಂಡಕ್ಕೆ ಬಿದ್ದ ಗೋಲು ಎಷ್ಟು ಅಂತಲೂ ಬರೆಯಿರಿ. ಮನೆಗೆ ಬರುವಾಗ ಕಾರಿನಲ್ಲಿ ಇದನ್ನು ತೋರಿಸಿ. ಅವಳ ಕೆಲಸವನ್ನು ಯಾರೋ ನೋಡಿದ್ದಾರೆ ಅನ್ನುವುದೇ ಅವಳಿಗೆ ದೊಡ್ಡದು.

ಒಂದು ಪಂದ್ಯ ರಿಂಕ್‌ಗೇ ಹೋಗಿ ನೋಡಿ. ಪ್ರೊಫೆಶನಲ್ ವುಮೆನ್ಸ್ ಹಾಕಿ ಲೀಗ್‌ನ ಟೊರೊಂಟೊ ಸೆಪ್ಟರ್ಸ್ ತಂಡದ ರೆನಾಟಾ ಫಾಸ್ಟ್ ನಿಮ್ಮ ಹತ್ತಿರದ ಬರ್ಲಿಂಗ್ಟನ್‌ನವರು, ಡಿಫೆಂಡರ್. ಟಿವಿಯಲ್ಲಿ ಕ್ಯಾಮೆರಾ ಪಕ್ ಹಿಂದೆ ಹೋಗುತ್ತದೆ, ಡಿಫೆಂಡರ್ ಕಾಣುವುದೇ ಇಲ್ಲ. ರಿಂಕ್‌ನಲ್ಲಿ ಗೋಲಿನ ಹಿಂಬದಿ, ಸ್ವಲ್ಪ ಮೇಲಿನ ಸಾಲಿನಲ್ಲಿ ಟಿಕೆಟ್ ತೆಗೆದುಕೊಳ್ಳಿ. ಅಲ್ಲಿಂದ ಅವರು ಯಾವಾಗ ಮುಂದೆ ಹೋಗುತ್ತಾರೆ, ಯಾವಾಗ ನಿಲ್ಲುತ್ತಾರೆ ಅನ್ನುವುದು ನೇರ ಕಾಣುತ್ತದೆ. ಈ ಲೀಗ್‌ನಲ್ಲಿ ಮೈ ತಾಗಿಸಿ ಆಡುವುದಕ್ಕೆ ಒಲಿಂಪಿಕ್ಸ್‌ಗಿಂತ ಜಾಸ್ತಿ ಅವಕಾಶ ಇದೆ. ಸ್ವೀಡನ್ನಿನ ಲೀಗ್‌ನಲ್ಲೂ 2022ರಿಂದ ಬಾಡಿ ಚೆಕ್ ಬಿಟ್ಟಿದ್ದಾರೆ. ನಿಮ್ಮ ಮಗಳು ದೊಡ್ಡವಳಾಗುವ ಹೊತ್ತಿಗೆ ಡಿಫೆಂಡರ್ ಕೆಲಸ ಇನ್ನಷ್ಟು ಬದಲಾಗಿರುತ್ತದೆ. ಈಗಿನಿಂದಲೇ ಸ್ಕೇಟಿಂಗ್ ಗಟ್ಟಿ ಮಾಡಿಕೊಳ್ಳಲಿ.

ಗೋಲಿನ ಆಸೆಗೂ ದಾರಿ ಇದೆ. ಎದುರಾಳಿಗೆ ಪೆನಾಲ್ಟಿ ಬಿದ್ದು ಅವರಲ್ಲಿ ಒಬ್ಬರು ಕಡಿಮೆ ಇದ್ದಾಗ ನಮ್ಮ ತಂಡಕ್ಕೆ ಪವರ್ ಪ್ಲೇ ಸಿಗುತ್ತದೆ. ಆಗ ಎದುರಾಳಿಯ ಭಾಗ ಶುರುವಾಗುವ ಬ್ಲೂ ಲೈನ್ ಹತ್ತಿರ ನಿಂತು ಆಟ ನಡೆಸುವ ಜಾಗಕ್ಕೆ ಪಾಯಿಂಟ್ ಅನ್ನುತ್ತಾರೆ. ರುಗ್ಗಿಯೆರೊ ಅವರ ಎಷ್ಟೋ ಗೋಲು, ಅಸಿಸ್ಟ್‌ಗಳು ಬಂದದ್ದು ಅಲ್ಲಿಂದ. ಅಲ್ಲಿ ಜೋರಾಗಿ ಹೊಡೆಯುವುದಕ್ಕಿಂತ ಕೆಳಗೆ, ಐಸ್‌ಗೆ ಹತ್ತಿರವಾಗಿ, ಎದುರಿಗೆ ನಿಂತವರ ಕಾಲಿಗೆ ತಾಗದಂತೆ ಹೊಡೆಯುವುದು ಮುಖ್ಯ. ಗೋಲಿನ ಮುಂದಿರುವ ತಂಡದವಳು ಅದನ್ನು ತಿರುಗಿಸಿ ಒಳಗೆ ಹಾಕಿದರೂ ಸ್ಕೋರ್ ಶೀಟ್‌ನಲ್ಲಿ ನಿಮ್ಮ ಮಗಳ ಹೆಸರು ಬರುತ್ತದೆ. ಕೋಚ್ ಹತ್ತಿರ ಫಾರ್ವರ್ಡ್ ಜಾಗ ಕೇಳುವ ಬದಲು ಇದನ್ನು ಕೇಳಿ: ಮುಂದಿನ ಪವರ್ ಪ್ಲೇಯಲ್ಲಿ ಇವಳನ್ನು ಪಾಯಿಂಟ್‌ನಲ್ಲಿ ನಿಲ್ಲಿಸಿ ನೋಡುತ್ತೀರಾ?